ಬೆಕ್ಕಿನ ಬಿಡಾರಕ್ಕೆ ಚಕ್ರ ಬಂದಾಗ

ಬೆಕ್ಕು ಸಾಕಿದವರಿಗೆ ಲಾಂಗ್ ವೀಕೆಂಡ್ ಬಂತು ಅಂದ್ರೆ ಖುಷಿಗಿಂತ ಮೊದಲು ಒಂದು ಪ್ರಶ್ನೆ ಬರುತ್ತೆ. ಇವನನ್ನ ಎಲ್ಲಿ ಬಿಡೋದು?

ನಾಯಿ ಇರುವವರಿಗೆ ಈಗೀಗ ದಾರಿ ಇದೆ. ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ಕಡೆ ‘ಪೆಟ್ ಫ್ರೆಂಡ್ಲಿ’ ಅಂತ ಬೋರ್ಡ್ ಹಾಕಿರುವ ಹೋಮ್‌ಸ್ಟೇಗಳು ಸಿಗುತ್ತವೆ. ಫೋನ್ ಮಾಡಿ ‘ನಮ್ಮದು ಬೆಕ್ಕು’ ಅಂದು ನೋಡಿ, ಆ ಕಡೆ ಎರಡು ಸೆಕೆಂಡ್ ಮೌನ. ಅವರ ಲೆಕ್ಕದಲ್ಲಿ ಪೆಟ್ ಅಂದ್ರೆ ನಾಯಿ. ಅವರ ಅಂಗಳದಲ್ಲೇ ಮೂರು ನಾಯಿ ಮಲಗಿರುತ್ತವೆ. ಬೋರ್ಡಿಂಗ್‌ನಲ್ಲಿ ಬಿಟ್ಟರೆ ನಮ್ಮವನು ಊಟ ಬಿಡ್ತಾನೆ. ಪಕ್ಕದ ಮನೆಯವರ ಕೈಗೆ ಪ್ರತಿ ಸಲ ಕೀ ಕೊಡೋಕೆ ನಮಗೇ ಸಂಕೋಚ.

ಹಾಗಾಗಿ ಬೆಂಗಳೂರಿನಲ್ಲಿ ಕ್ಯಾರವಾನ್ ಬಾಡಿಗೆಗೆ ಸಿಗುತ್ತೆ ಅಂತ ಗೊತ್ತಾದ ದಿನ ನಾನೂ ನನ್ನ ಗಂಡನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಾಸಿಗೆ, ಪುಟ್ಟ ಅಡುಗೆಮನೆ, ಟಾಯ್ಲೆಟ್ ಎಲ್ಲ ಒಂದೇ ಗಾಡಿಯಲ್ಲಿ, ಜೊತೆಗೆ ಡ್ರೈವರ್. ಯಾವ ರಿಸೆಪ್ಷನ್‌ನಲ್ಲೂ ‘ಬೆಕ್ಕಿಗೆ ಪರ್ಮಿಷನ್ ಇದೆಯಾ’ ಅಂತ ಕೇಳಬೇಕಿಲ್ಲ. ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೆ ಅಂತಲೇ ಒಂದು ನೀತಿ ತಂದಿತು. ನಮ್ಮ ಕಡೆಯೂ ಇಂಥ ಗಾಡಿಗಳು ರಸ್ತೆಯಲ್ಲಿ ಕಾಣುತ್ತಿವೆ.

ಅಮ್ಮ ಮಾತ್ರ ಫೋನಿನಲ್ಲಿ ನಕ್ಕಳು. ‘ಬೆಕ್ಕನ್ನ ಯಾರಾದ್ರೂ ಟೂರಿಗೆ ಕರ್ಕೊಂಡು ಹೋಗ್ತಾರೇನೇ?’

ನಾವು ಇದುವರೆಗೆ ಮೂರು ಸಲ ಕರೆದುಕೊಂಡು ಹೋಗಿದ್ದೇವೆ. ಎರಡು ಸಲ ಸಕಲೇಶಪುರ, ಒಂದು ಸಲ ಮರವಂತೆ. ನಮ್ಮವನ ಹೆಸರು ಬೋಂಡ. ನಾಲ್ಕು ವರ್ಷ, ಕೇಸರಿ ಬಣ್ಣ, ಆಪರೇಷನ್ ಆಗಿದೆ, ಅಪಾರ್ಟ್‌ಮೆಂಟ್ ಬಿಟ್ಟು ಹೊರಗೆ ತಿರುಗಿದವನಲ್ಲ. ಅಮ್ಮನ ಪ್ರಶ್ನೆಗೆ ಈಗ ನನ್ನ ಹತ್ತಿರ ಉತ್ತರ ಇದೆ. ಆದರೆ ಅದು ಬರೀ ‘ಹೌದು’ ಅಲ್ಲ.

ಕೊತ್ತಿ ನಂಬೋದು ಮನೇನ

ತಿಪಟೂರಿನ ನಮ್ಮಜ್ಜಿ ಒಂದು ಮಾತು ಹೇಳ್ತಿದ್ದರು: ‘ನಾಯಿ ನಂಬೋದು ಯಜಮಾನನ್ನ, ಕೊತ್ತಿ ನಂಬೋದು ಮನೇನ.’ ಹಳ್ಳಿಯಲ್ಲಿ ಹುಟ್ಟಿದವರಿಗೆ ಇದು ಕಣ್ಣಾರೆ ಕಂಡ ಸತ್ಯ. ಹಾಲು ಕದಿಯೋ ಬೆಕ್ಕಿನ ಕಾಟ ತಡೆಯಲಾರದೆ ಗೋಣಿಚೀಲದಲ್ಲಿ ಹಾಕಿ ಊರಾಚೆ ಬಿಟ್ಟು ಬರ್ತಾರೆ. ಬಿಟ್ಟವರು ಬಂದು ಕೈಕಾಲು ತೊಳೆದು ಊಟಕ್ಕೆ ಕೂರೋ ಹೊತ್ತಿಗೆ ಅದು ಅಡುಗೆಮನೆಯ ಕಟ್ಟೆ ಮೇಲೆ ಹಾಜರ್. ಅಲ್ಲಿ ಬೈಯುವವರು ಇದ್ದಾರೋ ಮುದ್ದು ಮಾಡುವವರು ಇದ್ದಾರೋ ಅದಕ್ಕೆ ಮುಖ್ಯವಲ್ಲ, ಆ ಮನೆ ಮುಖ್ಯ.

ಬೆಕ್ಕು ಬಾಗಿಲ ಚೌಕಟ್ಟಿಗೆ, ಸೋಫಾದ ಮೂಲೆಗೆ, ನಮ್ಮ ಕಾಲಿಗೆ ಕೆನ್ನೆ ಉಜ್ಜೋದನ್ನ ನೋಡಿರ್ತೀರಿ. ಬರೀ ಮುದ್ದಿಗಲ್ಲ ಅದು. ಅದರ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ‘ಇದು ನನ್ನದು, ಇಲ್ಲಿ ಭಯವಿಲ್ಲ’ ಅಂತ ಅದು ಮನೆಯ ತುಂಬ ಸಹಿ ಹಾಕುತ್ತಾ ಹೋಗುತ್ತೆ. ನಮಗೆ ಮನೆ ಅಂದ್ರೆ ಗೋಡೆ, ಇಎಂಐ, ಪಿನ್‌ಕೋಡ್. ಬೆಕ್ಕಿಗೆ ಮನೆ ಅಂದ್ರೆ ವಾಸನೆಯ ಒಂದು ನಕ್ಷೆ.

ಹಾಗಾದ್ರೆ ಬೆಕ್ಕು ಪ್ರಯಾಣವನ್ನೇ ಮಾಡದ ಪ್ರಾಣಿಯಾ? ಅದೂ ಅಲ್ಲ. ಟ್ರಿಮ್ ಅನ್ನೋ ಬೆಕ್ಕಿನ ಕಥೆ ಕೇಳಿ. 1799ರಲ್ಲಿ ಹಡಗಿನಲ್ಲೇ ಹುಟ್ಟಿದ್ದು. ಮ್ಯಾಥ್ಯೂ ಫ್ಲಿಂಡರ್ಸ್ ಅನ್ನೋ ಬ್ರಿಟಿಷ್ ನಾವಿಕ 1801ರಿಂದ 1803ರ ನಡುವಿನ ತನ್ನ ಯಾನದಲ್ಲಿ ಆಸ್ಟ್ರೇಲಿಯಾ ಖಂಡವನ್ನು ಸುತ್ತು ಹಾಕಿದಾಗ ಟ್ರಿಮ್ ಅವನ ಜೊತೆಗಿತ್ತು. ಹಡಗು ಒಡೆದು ಮುಳುಗಿದಾಗಲೂ ಬದುಕಿ ಉಳಿಯಿತು. ಕೊನೆಗೆ ಅದು ಕಾಣೆಯಾಗಿದ್ದು ಎಲ್ಲಿ ಗೊತ್ತಾ? ನೆಲದ ಮೇಲೆ. ಮಾರಿಷಸ್ ದ್ವೀಪದಲ್ಲಿ ಫ್ರೆಂಚರು ಫ್ಲಿಂಡರ್ಸ್‌ನನ್ನು ಸೆರೆಯಲ್ಲಿಟ್ಟಿದ್ದಾಗ ಟ್ರಿಮ್ ಹೊರಗೆ ಹೋಗಿದ್ದು ಮತ್ತೆ ಬರಲಿಲ್ಲ. ಸಿಡ್ನಿಯ ಮಿಚೆಲ್ ಗ್ರಂಥಾಲಯದ ಕಿಟಕಿಯ ಕಟ್ಟೆ ಮೇಲೆ ಇವತ್ತಿಗೂ ಅದರ ಕಂಚಿನ ಪ್ರತಿಮೆ ಇದೆ.

ನನಗೆ ಅರ್ಥವಾಗಿದ್ದು ಇಷ್ಟು. ಟ್ರಿಮ್‌ಗೆ ಹಡಗೇ ಮನೆಯಾಗಿತ್ತು. ಹಡಗು ಎಲ್ಲಿಗೆ ಹೋದರೂ ಅದು ಮನೆಯಲ್ಲೇ ಇತ್ತು. ಕ್ಯಾರವಾನ್ ಕೂಡ ಬೆಕ್ಕಿಗೆ ಹಾಗೆ ಮನೆಯಾಗಬಲ್ಲದು. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ, ನಮ್ಮದು ಬಾಡಿಗೆಯ ಗಾಡಿ.

ಮನೆಯೇ ಹೊರಟುಹೋದರೆ?

ನನ್ನ ಹಳೆಯ ಟೀಮಿನ ಗೆಳತಿಯೊಬ್ಬಳ ಅನುಭವ ಇದು. ಅವಳ ಬೆಕ್ಕು ಮಿನ್ನಿಗೆ ಎರಡು ವರ್ಷ. ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ ಕ್ಯಾರವಾನ್ ನಿಲ್ಲಿಸಿದ್ದರು. ಎರಡನೇ ದಿನ ಬೆಳಗಿನ ಜಾವ ಡ್ರೈವರ್ ತನ್ನ ಚಾರ್ಜರ್ ತಗೊಳ್ಳೋಕೆ ಪಕ್ಕದ ಬಾಗಿಲು ತೆಗೆದ. ಅಷ್ಟೇ. ಆರೂವರೆಗೆ ಎದ್ದಾಗ ಮಿನ್ನಿ ಇಲ್ಲ.

ಮನೆಯಿಂದ ತಪ್ಪಿಸಿಕೊಂಡ ಬೆಕ್ಕು ಹೊಟ್ಟೆ ಹಸಿದಾಗ ವಾಪಸ್ ಬರುತ್ತೆ, ಯಾಕಂದ್ರೆ ಮನೆ ಅಲ್ಲೇ ಇರುತ್ತೆ. ಆದರೆ ಇಲ್ಲಿ ಮನೆ ಅವತ್ತು ರಾತ್ರಿಯೊಳಗೆ ಬೆಂಗಳೂರಿಗೆ ಹೋಗಬೇಕು. ಮರುದಿನಕ್ಕೆ ಬೇರೆಯವರ ಬುಕಿಂಗ್ ಇದೆ. ಒಂದು ದಿನ ಜಾಸ್ತಿ ದುಡ್ಡು ಕೊಡ್ತೀವಿ ಅಂದರೂ ಗಾಡಿಯವರು ಒಪ್ಪಲಿಲ್ಲ, ಅವರಿಗೂ ಬೇರೆ ದಾರಿ ಇರಲಿಲ್ಲ.

ಮಧ್ಯಾಹ್ನದವರೆಗೂ ತೋಟದ ಆಳುಗಳೆಲ್ಲ ಸೇರಿ ಹುಡುಕಿದರು. ಮೂರು ಗಂಟೆಗೆ ಅವಳ ಗಂಡ ಗಾಡಿ ಜೊತೆ ಹೊರಟರು. ಅವಳು ಹೋಮ್‌ಸ್ಟೇಯಲ್ಲಿ ಒಂದು ರೂಮ್ ಹಿಡಿದು ಉಳಿದಳು. ಹಗಲು ಒಂದೇ ಕಡ್ಡಿ ನೆಟ್‌ವರ್ಕ್‌ನಲ್ಲಿ ಸ್ಟ್ಯಾಂಡಪ್ ಮೀಟಿಂಗ್, ರಾತ್ರಿ ಟಾರ್ಚ್ ಹಿಡಿದು ಕಾವಲು. ಗಾಡಿ ನಿಂತಿದ್ದ ಜಾಗದಲ್ಲೇ ತಾವು ಹೊದ್ದಿದ್ದ ಬೆಡ್‌ಶೀಟ್ ಹಾಸಿ, ಬೇಯಿಸಿದ ಮೀನು ಇಟ್ಟು, ಕೂಗದೆ ಸುಮ್ಮನೆ ಕೂತಳು. ಮೂರನೇ ರಾತ್ರಿ ಎರಡು ಗಂಟೆಗೆ ಸೌದೆ ಒಟ್ಟಿದ್ದ ಕಡೆಯಿಂದ ಮಿನ್ನಿ ಹೊರಗೆ ಬಂತು. ಗಾಡಿ ನಿಂತಿದ್ದ ಜಾಗದಿಂದ ನಲವತ್ತು ಹೆಜ್ಜೆ, ಅಷ್ಟೇ. ಮೂರು ದಿನ ಎಲ್ಲರೂ ಅದರ ಪಕ್ಕದಲ್ಲೇ ಓಡಾಡಿದ್ದರು. ಅದು ಒಂದೇ ಒಂದು ಸಲವೂ ಮಿಯಾಂವ್ ಅಂದಿರಲಿಲ್ಲ.

ಕಾಣೆಯಾದ ಬೆಕ್ಕುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಾವಿರಕ್ಕೂ ಹೆಚ್ಚು ಬೆಕ್ಕುಗಳ ಮಾಹಿತಿ ಕಲೆಹಾಕಿತ್ತು. ಸಿಕ್ಕಿದ ಬೆಕ್ಕುಗಳಲ್ಲಿ ನಾಲ್ಕರಲ್ಲಿ ಮೂರು, ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಸಿಕ್ಕಿದ್ದವು. ಹೆದರಿದ ಬೆಕ್ಕು ದೂರ ಓಡೋದು ಕಡಿಮೆ. ಹತ್ತಿರದಲ್ಲೇ ಅಡಗಿ, ಉಸಿರು ಬಿಗಿಹಿಡಿದು ಕೂರುತ್ತೆ.

ಕ್ಯಾರವಾನ್ ಪ್ರವಾಸದ ಅಸಲಿ ರಿಸ್ಕ್ ಇದು. ವಾಂತಿ, ಕೂದಲು, ಲಿಟರ್ ವಾಸನೆ ಎಲ್ಲ ಆಮೇಲಿನ ಮಾತು. ಅಜ್ಜಿಯ ಮಾತಿನಂತೆ ಬೆಕ್ಕು ಮನೆಯನ್ನೇ ನಂಬಿರುತ್ತೆ, ಆದರೆ ಆ ಮನೆಗೆ ಚಕ್ರ ಇದೆ, ರಿಟರ್ನ್ ಟೈಮ್ ಕೂಡ ಇದೆ. ಆದ್ದರಿಂದ ಗಾಡಿ ಬುಕ್ ಮಾಡುವ ಮೊದಲೇ ನಿಮ್ಮನ್ನ ನೀವು ಕೇಳಿಕೊಳ್ಳಿ: ಬೆಕ್ಕು ಸಿಗದೇ ಹೋದರೆ ನಮ್ಮಲ್ಲಿ ಒಬ್ಬರು ಅಲ್ಲೇ ಉಳಿಯೋಕೆ ಸಾಧ್ಯವಾ? ರಜೆ ಇದೆಯಾ? ಹತ್ತಿರ ರೂಮ್ ಸಿಗುತ್ತಾ? ಉತ್ತರ ‘ಇಲ್ಲ’ ಅಂತಾದರೆ ಈ ಸಲ ಬೇಡ.

ಬಾಗಿಲೇ ಎಲ್ಲ

ನಮ್ಮ ಫೀಲ್ಡಿನಲ್ಲಿ ‘ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್’ ಅಂತೀವಲ್ಲ, ಕ್ಯಾರವಾನ್‌ನಲ್ಲಿ ಅದು ಬಾಗಿಲು. ನಾವು ಪಾಲಿಸುವ ನಿಯಮಗಳು ಇವು.

ಬಾಗಿಲು ತೆಗೆಯುವ ಮೊದಲು ಒಳಗಿನವರು ‘ಬೋಂಡ ನನ್ನ ಹತ್ತಿರ ಇದಾನೆ’ ಅಂತ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಬಾಗಿಲು ತೆಗೆಯಂಗಿಲ್ಲ. ಡ್ರೈವರ್ ಅಣ್ಣನಿಗೂ ಮೊದಲ ದಿನವೇ ಟೀ ಕುಡಿಯುತ್ತಾ ಇದನ್ನ ವಿವರಿಸಿ, ‘ಬಾಗಿಲು ಬಡಿದು ಕರೀರಿ, ನೀವಾಗೇ ತೆಗೀಬೇಡಿ ಅಣ್ಣ’ ಅಂತ ಕೇಳಿಕೊಳ್ತೀವಿ. ಅವರ ಸಾಮಾನು ಮುಂದಿನ ಸೀಟಿನ ಕಡೆಯೇ ಇರುವಂತೆ ನೋಡಿಕೊಳ್ತೀವಿ. ಲಗೇಜ್ ಇಳಿಸುವಾಗ, ಹತ್ತಿಸುವಾಗ ಬೋಂಡ ಕ್ಯಾರಿಯರ್‌ನಲ್ಲಿ, ಜಿಪ್ ಹಾಕಿ.

ಕಿಟಕಿಗೆ ಇರೋದು ಸೊಳ್ಳೆಪರದೆ. ಅದು ಸೊಳ್ಳೆಗೆ ಮಾತ್ರ. ಬೆಕ್ಕಿನ ಉಗುರಿಗೆ ಅದು ಐದು ನಿಮಿಷದ ಕೆಲಸ. ಗಾಜು ಎರಡು ಬೆರಳಿಗಿಂತ ಜಾಸ್ತಿ ತೆಗೆಯಬೇಡಿ.

ಕೊರಳಪಟ್ಟಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ತಾನಾಗೇ ಬಿಚ್ಚಿಕೊಳ್ಳುವಂಥದ್ದು ಇರಲಿ. ಅದರ ಬಿಲ್ಲೆಯ ಮೇಲೆ ಎರಡು ಫೋನ್ ನಂಬರ್ ಬರೆಸಿ. ಬೆಂಗಳೂರಿನ ವೆಟ್ ಹತ್ತಿರ ಮೈಕ್ರೋಚಿಪ್ ಹಾಕಿಸಿದ್ದರೆ ಒಳ್ಳೇದೇ. ಆದರೆ ಚಿಪ್ ಓದೋಕೆ ಸ್ಕ್ಯಾನರ್ ಬೇಕು, ಬಿಲ್ಲೆ ಓದೋಕೆ ಕಣ್ಣು ಸಾಕು. ತೋಟದ ಕೆಲಸದವರಿಗೆ ಬೆಕ್ಕು ಸಿಕ್ಕರೆ ಅವರು ನೋಡೋದು ಕೊರಳನ್ನ.

ಏರ್‌ಟ್ಯಾಗ್ ಕಟ್ಟಿದ್ದೀವಿ, ಚಿಂತೆ ಇಲ್ಲ ಅನ್ನುವವರಿಗೆ ಒಂದು ಮಾತು. ಅದರಲ್ಲಿ ಜಿಪಿಎಸ್ ಇಲ್ಲ. ಸುತ್ತಮುತ್ತ ಆಪಲ್ ಫೋನ್‌ಗಳು ಓಡಾಡುತ್ತಿದ್ದರೆ ಮಾತ್ರ ಅವುಗಳ ಮೂಲಕ ತಾನಿರುವ ಜಾಗ ಹೇಳುತ್ತೆ. ಇಂದಿರಾನಗರದಲ್ಲಿ ಅದು ಸರಿ. ಕಾಫಿ ತೋಟದ ನಡುವೆ ರಾತ್ರಿ ಎರಡು ಗಂಟೆಗೆ ಐಫೋನ್ ಹಿಡಿದು ಓಡಾಡೋದು ಯಾರು?

ಘಾಟಿ ದಾರಿ

ಬೆಂಗಳೂರಿನಿಂದ ಸಕಲೇಶಪುರ ಸುಮಾರು 220 ಕಿಲೋಮೀಟರ್. ಅಲ್ಲಿಯವರೆಗೆ ದಾರಿ ಒಂದು ಥರ, ಅದರಾಚೆ ಶಿರಾಡಿ ಘಾಟಿ ಇಳಿಯೋಕೆ ಶುರು ಮಾಡಿದ ಮೇಲೆ ಇನ್ನೊಂದು ಥರ. ಮರವಂತೆಗೆ ಹೋದ ಸಲ ಘಾಟಿಯ ತಿರುವುಗಳಲ್ಲಿ ಬೋಂಡ ಜೊಲ್ಲು ಸುರಿಸೋಕೆ ಶುರು ಮಾಡಿದ. ಬೆಕ್ಕಿನಲ್ಲಿ ಹೊಟ್ಟೆ ತೊಳೆಸುವ ಲಕ್ಷಣ ಅದು. ಹೊರಡುವ ಮೂರ್ನಾಲ್ಕು ಗಂಟೆ ಮೊದಲೇ ಊಟ ನಿಲ್ಲಿಸಿದ್ದರಿಂದ ವಾಂತಿ ಆಗಲಿಲ್ಲ. ನೀರು ನಿಲ್ಲಿಸಬೇಕಿಲ್ಲ. ತೀರಾ ಕಷ್ಟಪಡುವ ಬೆಕ್ಕಿಗೆ ವೆಟ್ ಹತ್ತಿರ ಔಷಧಿ ಇದೆ, ಮೊದಲೇ ಕೇಳಿ ಬರೆಸಿಕೊಳ್ಳಿ.

ಗಾಡಿ ಓಡುವಾಗ ಬೆಕ್ಕು ಕ್ಯಾರಿಯರ್ ಒಳಗೇ ಇರಬೇಕು, ಕ್ಯಾರಿಯರ್‌ಗೆ ಸೀಟ್ ಬೆಲ್ಟ್ ಹಾಕಿರಬೇಕು. ‘ಪಾಪ, ಹಾಸಿಗೆ ಮೇಲೆ ಮಲಗಲಿ’ ಅನ್ನಿಸುತ್ತೆ. ಆದರೆ ಡ್ರೈವರ್ ಒಂದು ಸಲ ಜೋರಾಗಿ ಬ್ರೇಕ್ ಹಾಕಿದರೆ ನಾಲ್ಕೂವರೆ ಕೆ.ಜಿ. ಬೆಕ್ಕು ಗಾಡಿಯ ಮುಂಭಾಗಕ್ಕೆ ಹಾರುತ್ತೆ. ಇಲ್ಲಾ ಹೆದರಿ ಬ್ರೇಕ್ ಪೆಡಲ್ ಕೆಳಗೆ ನುಗ್ಗುತ್ತೆ. ಎರಡೂ ಬೇಡ.

ಆ ಕ್ಯಾರಿಯರ್ ಮೇಲೆ ಬೆಕ್ಕಿಗೆ ಪ್ರೀತಿ ಹುಟ್ಟಬೇಕಾದ್ದು ಮನೆಯಲ್ಲಿ. ನಾವು ಮೊದಲ ಪ್ರವಾಸಕ್ಕೆ ಒಂದು ತಿಂಗಳು ಮೊದಲೇ ಅದನ್ನ ಹಾಲ್‌ನಲ್ಲಿ ಬಾಗಿಲು ತೆಗೆದು ಇಟ್ಟೆವು. ಒಳಗೆ ಅವನ ಹಳೇ ಟವೆಲ್, ರಾತ್ರಿ ಊಟವೂ ಅದರೊಳಗೇ. ಎರಡನೇ ವಾರ ಅವನೇ ಅಲ್ಲಿ ನಿದ್ದೆ ಮಾಡೋಕೆ ಶುರು ಮಾಡಿದ. ಆ ಟವೆಲ್ ಒಗೆಯಬೇಡಿ. ನಮಗೆ ಅದು ಕೊಳೆ, ಅವನಿಗೆ ಅದೇ ಮನೆ ವಿಳಾಸ. ಹೊಸ ಗಾಡಿಯಲ್ಲಿ ಹಿಂದಿನ ಬಾಡಿಗೆದಾರರ ಮೀನು ಫ್ರೈ, ಸೆಂಟು, ಫಿನಾಯಿಲ್ ಎಲ್ಲದರ ನಡುವೆ ಅವನಿಗೆ ಪರಿಚಯ ಇರೋದು ಅದೊಂದೇ. ಲಿಟರ್ ಕೂಡ ಮನೆಯಲ್ಲಿ ಬಳಸುವ ಬ್ರ್ಯಾಂಡೇ ಇರಲಿ. ಟ್ರೇಯನ್ನ ಗಾಡಿಯ ಬಾತ್‌ರೂಮ್‌ನಲ್ಲಿಡಿ, ಬಾಗಿಲು ಮುಚ್ಚಿಕೊಳ್ಳದ ಹಾಗೆ ಒಂದು ದಾರ ಕಟ್ಟಿ. ಬಳಸಿದ ಲಿಟರನ್ನ ಗಾಡಿಯ ಟಾಯ್ಲೆಟ್‌ಗೆ ಸುರಿಯಬೇಡಿ, ಟ್ಯಾಂಕ್ ಕಟ್ಟಿಕೊಳ್ಳುತ್ತೆ.

ತಂಪು ಹೊತ್ತು ಅಂತ ರಾತ್ರಿ ಪ್ರಯಾಣ ಮಾಡುವ ಯೋಚನೆ ಇದ್ದರೆ ದಾರಿ ನೋಡಿಕೊಳ್ಳಿ. ಬಂಡೀಪುರದ ಮೂಲಕ ಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧ ಇದೆ, 2009ರಿಂದಲೂ. ಗೇಟಿನ ಮುಂದೆ ಬೆಕ್ಕಿನ ಜೊತೆ ಬೆಳಗಾಗೋದನ್ನ ಕಾಯೋದು ಯಾರಿಗೂ ಬೇಡ.

ಬಿಸಿಲು, ಉಣ್ಣೆ, ಮಾತ್ರೆ

‘ಹತ್ತು ನಿಮಿಷ ಇಡ್ಲಿ ತಿಂದು ಬರೋಣ, ಅವನು ಗಾಡಿಯಲ್ಲೇ ಇರಲಿ.’ ಇಂಥ ಹತ್ತು ನಿಮಿಷವೇ ಅಪಾಯ. 2005ರಲ್ಲಿ ಅಮೆರಿಕದಲ್ಲಿ ನಿಂತ ಕಾರಿನೊಳಗಿನ ತಾಪಮಾನ ಅಳೆದು ನೋಡಿದ್ದರು. ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು, ಅದರಲ್ಲಿ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಸ್ವಲ್ಪ ಇಳಿಸಿದರೂ ಹೆಚ್ಚು ಉಪಯೋಗ ಆಗಿರಲಿಲ್ಲ. ಕ್ಯಾರವಾನ್ ದೊಡ್ಡದು ಅಂತ ಧೈರ್ಯ ಬೇಡ. ಎಂಜಿನ್ ಆಫ್ ಆದಾಗ ಏಸಿ ಯಾವುದರಿಂದ ನಡೆಯುತ್ತೆ, ಜನರೇಟರಾ, ಬ್ಯಾಟರಿಯಾ, ಹೊರಗಿನ ಪ್ಲಗ್ಗಾ ಅಂತ ಬುಕ್ ಮಾಡುವಾಗಲೇ ಕೇಳಿ. ಮಲೆನಾಡಿನಲ್ಲಿ ಕರೆಂಟ್ ಹೋಗೋದು ಹೊಸದಲ್ಲ. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಅದು ಅಪಾಯದ ಗುರುತು. ತಕ್ಷಣ ನೆರಳು, ಗಾಳಿ, ನೀರು, ಆಮೇಲೆ ವೆಟ್. ನಾವು ಈಗ ಸರದಿಯಲ್ಲಿ ತಿಂಡಿ ತಿಂತೀವಿ. ಒಬ್ಬರು ಹೋಟೆಲ್‌ನಲ್ಲಿ, ಒಬ್ಬರು ಗಾಡಿಯಲ್ಲಿ.

ಹಾರ್ನೆಸ್ ಹಾಕಿ ತೋಟದಲ್ಲಿ ಸುತ್ತಾಡಿಸುವ ಫೋಟೋಗಳು ಚೆನ್ನಾಗಿರುತ್ತವೆ. ಆದರೆ ಮಲೆನಾಡಿನ ಪೊದೆ, ತರಗೆಲೆಯಲ್ಲಿ ಉಣ್ಣೆ ಇರುತ್ತೆ, ಅಲ್ಲಿಯವರು ಉಣುಗು ಅಂತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಮನುಷ್ಯರಿಗೆ ಹರಡೋದು ಉಣ್ಣೆ ಕಚ್ಚಿಯೇ. ಬೆಕ್ಕಿನ ಮೈಗೆ ಹತ್ತಿದ್ದು ಸಂಜೆ ನಿಮ್ಮ ಹಾಸಿಗೆಗೆ ಬರಬಹುದು. ಹೊರಡುವ ಮೊದಲು ವೆಟ್ ಹತ್ತಿರ ಬೆಕ್ಕಿಗೆಂದೇ ಇರುವ ಉಣ್ಣೆ ಔಷಧಿ ಹಾಕಿಸಿ. ನಾಯಿಯದ್ದನ್ನ ಹಾಕಲೇಬೇಡಿ. ಅವುಗಳಲ್ಲಿ ಕೆಲವದರಲ್ಲಿ ಇರುವ ಪರ್ಮೆಥ್ರಿನ್ ಬೆಕ್ಕಿನ ಪ್ರಾಣ ತೆಗೆಯುತ್ತೆ. ಹಾಗೇ ಬೆಕ್ಕಿಗೆ ಮೈ ಬಿಸಿ ಅನ್ನಿಸಿದರೆ ನಮ್ಮ ಬ್ಯಾಗಿನ ಪ್ಯಾರಾಸಿಟಮಾಲ್ ಕೊಡೋದು ಬೇಡವೇ ಬೇಡ, ಅದೂ ಅದಕ್ಕೆ ವಿಷ. ಬೆಕ್ಕಿನ ಮೈ ಸಹಜವಾಗಿಯೇ 38ರಿಂದ 39 ಡಿಗ್ರಿ ಇರುತ್ತೆ, ನಮ್ಮ ಕೈಗೆ ಯಾವಾಗಲೂ ಬೆಚ್ಚಗೇ. ರೇಬೀಸ್ ಲಸಿಕೆಯ ಕಾರ್ಡ್ ಗಾಡಿಯಲ್ಲಿರಲಿ. ಹೋಗುವ ಊರಿನ ಹತ್ತಿರದ ಪಶು ಆಸ್ಪತ್ರೆ ಯಾವ ತಾಲ್ಲೂಕಿನಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಕಾಡಂಚಿನಲ್ಲಿ ಕತ್ತಲಾದ ಮೇಲೆ ಬೆಕ್ಕು ಹಾರ್ನೆಸ್‌ನಲ್ಲೂ ಹೊರಗೆ ಬೇಡ. ಚಿರತೆಗೆ ಅದು ನಮ್ಮ ಮುದ್ದಿನ ಬೋಂಡ ಅಂತ ಗೊತ್ತಾಗಲ್ಲ.

ಎಲ್ಲ ಬೆಕ್ಕಿಗೂ ಅಲ್ಲ

ಮೂರು ಪ್ರವಾಸದಲ್ಲಿ ನಮಗೆ ತಿಳಿದಿದ್ದು, ಬೆಕ್ಕಿನ ಜೊತೆ ‘ದಿನಕ್ಕೊಂದು ಊರು’ ಪ್ಲಾನ್ ನಡೆಯಲ್ಲ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಒಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಬೋಂಡ ಮೊದಲ ದಿನ ಸಮುದ್ರ ನೋಡಲೇ ಇಲ್ಲ, ಸೀಟಿನ ಕೆಳಗೆ ಕೂತಿದ್ದ. ಎರಡನೇ ಸಂಜೆ ಹೊರಗೆ ಬಂದು ಕಪಾಟಿನ ಮೂಲೆಗೆ ಕೆನ್ನೆ ಉಜ್ಜಿದ. ಸಹಿ ಬಿತ್ತು! ಮೂರನೇ ದಿನ ಕಿಟಕಿ ಹತ್ತಿರ ಕೂತು ಕಾಗೆಗಳಿಗೆ ಬೈಯೋಕೆ ಶುರು ಮಾಡಿದ. ಅಂದ್ರೆ ಒಂದೇ ಜಾಗದಲ್ಲಿ ಕನಿಷ್ಠ ಮೂರು ರಾತ್ರಿ ಇದ್ದರೆ ಮಾತ್ರ ಅವನಿಗೂ ಅದು ರಜೆ. ಶನಿವಾರ ಹೋಗಿ ಭಾನುವಾರ ಬರೋ ಪ್ರವಾಸ ಆಗಿದ್ದರೆ ಅವನ ಪಾಲಿಗೆ ಅದು ಎರಡು ದಿನದ ಭಯ, ನಮ್ಮ ಪಾಲಿಗೆ ನಾಲ್ಕು ಫೋಟೋ.

ವಯಸ್ಸಾದ ಬೆಕ್ಕು, ಕಿಡ್ನಿ ಸಮಸ್ಯೆ ಇರುವ ಬೆಕ್ಕು, ಕಾಲಿಂಗ್ ಬೆಲ್ ಕೇಳಿದರೆ ಮಂಚದ ಕೆಳಗೆ ಸೇರಿ ರಾತ್ರಿವರೆಗೂ ಹೊರಗೆ ಬರದ ಬೆಕ್ಕು, ಇವಕ್ಕೆಲ್ಲ ಮನೆಯೇ ಒಳ್ಳೇದು. ಪರಿಚಯದವರು ದಿನಕ್ಕೆ ಎರಡು ಸಲ ಬಂದು ಊಟ ಹಾಕಿ, ಟ್ರೇ ಕ್ಲೀನ್ ಮಾಡಿ, ಹತ್ತು ನಿಮಿಷ ಕೂತು ಹೋದರೆ ಅವಕ್ಕೆ ಅದೇ ಹಬ್ಬ. ಸಂಕೋಚ ಬಿಟ್ಟು ಕೇಳಿ. ಬರುವಾಗ ಅವರಿಗೆ ಒಂದು ಕೆ.ಜಿ. ಕಾಫಿಪುಡಿ ತಂದುಕೊಡಿ.

ನಿಮ್ಮದು ಯಾವ ಥರದ ಬೆಕ್ಕು ಅಂತ ತಿಳಿಯೋಕೆ ಸಕಲೇಶಪುರದವರೆಗೆ ಹೋಗಬೇಕಿಲ್ಲ. ಒಂದು ಭಾನುವಾರ ಕ್ಯಾರಿಯರ್‌ನಲ್ಲಿ ಕೂರಿಸಿ, ನಿಮ್ಮ ಕಾರಿನಲ್ಲೋ ಗೆಳೆಯರ ಕಾರಿನಲ್ಲೋ ಅರ್ಧ ಗಂಟೆ ಸುತ್ತಾಡಿಸಿ. ಮುಂದಿನ ವಾರ ಒಂದು ಗಂಟೆ. ಆಮೇಲೆ ಒಂದು ರಾತ್ರಿ ಗೆಳೆಯರ ಮನೆಯ ಒಂದು ರೂಮಿನಲ್ಲಿ, ಟ್ರೇ, ಟವೆಲ್ ಸಮೇತ. ಮರುದಿನ ಬೆಳಗ್ಗೆ ಊಟದ ತಟ್ಟೆ, ಟ್ರೇ ಎರಡನ್ನೂ ನೋಡಿ. ತಟ್ಟೆ ಖಾಲಿಯಾಗಿ, ಟ್ರೇ ಬಳಸಿದ್ದರೆ ಗಾಡಿಯವರಿಗೆ ಫೋನ್ ಮಾಡಿ. ಎರಡೂ ಹಾಗೇ ಇದ್ದರೆ ಪಕ್ಕದ ಮನೆಯವರಿಗೆ ಫೋನ್ ಮಾಡಿ.